ಅಳತೆಗೊಂದು ಹೆಸರು, ಹೆಸರಿಗೊಂದು ವಿವರಣೆ

ಕೇಳುಗರಿಗೆ ನಮಸ್ಕಾರ.

ರೈಲಿನ ಟಿಕೆಟ್ ಕಾದಿರಿಸಲೆಂದೋ ಕರೆಂಟ್ ಬಿಲ್ ಕಟ್ಟಲೆಂದೋ ನಾವು ಮೊಬೈಲ್ ಒತ್ತಿದಾಗ ಎಲ್ಲೋ ದೂರದ ಸರ್ವರ್‌ಗಳು ಉತ್ತರ ಕೊಡುತ್ತವೆ. ಅವುಗಳ ಡಿಸ್ಕ್ ತುಂಬುತ್ತಿದೆಯೇ, ಮೆಮೊರಿ ಸಾಲದಾಗುತ್ತಿದೆಯೇ, ಉತ್ತರ ತಡವಾಗುತ್ತಿದೆಯೇ ಎಂದು ಹಗಲಿರುಳು ಅಳೆಯುವ ಮತ್ತೊಂದು ತಂತ್ರಾಂಶವಿರುತ್ತದೆ. ಅದೇ ಮಾನಿಟರಿಂಗ್ ತಂತ್ರಾಂಶ. ಈ ಕ್ಷೇತ್ರ ಬೆಳೆದದ್ದು ಬಹುಮಟ್ಟಿಗೆ ಮುಕ್ತ ತಂತ್ರಾಂಶದ ಬಲದಿಂದ. 1999ರಲ್ಲಿ ಈತನ್ ಗಾಲ್‌ಸ್ಟಾಡ್ ಆರಂಭಿಸಿದ, ಇಂದು ನಾಗಿಯೋಸ್ ಎಂದು ಹೆಸರಾಗಿರುವ ತಂತ್ರಾಂಶ, ಲಾಟ್ವಿಯಾದಿಂದ 2001ರಲ್ಲಿ ಬಂದ ಜ್ಯಾಬಿಕ್ಸ್, ಆಮೇಲೆ ಬಂದ ಗ್ರಫಾನಾ, ಇವೆಲ್ಲದರ ಮೂಲ ಕೋಡ್ ತೆರೆದಿಟ್ಟದ್ದು. ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಮರಳಿ ಒಪ್ಪಿಸಬಹುದು.

ಹಾಗೆ ಒಪ್ಪಿಸುವ ಕೆಲಸದ ಬಗ್ಗೆಯೇ ಇಂದಿನ ಮಾತು. ಉದಾಹರಣೆಗೆ ನಾನು ಆರಿಸಿಕೊಂಡಿರುವುದು ಪ್ರಮೀಥಿಯಸ್ ಎಂಬ ಮುಕ್ತ ಮಾನಿಟರಿಂಗ್ ತಂತ್ರಾಂಶ. ಗೂಗಲ್‌ನಲ್ಲಿ ದುಡಿದು ಬಂದಿದ್ದ ಮ್ಯಾಟ್ ಪ್ರೌಡ್ ಮತ್ತು ಯೂಲಿಯಸ್ ಫೋಲ್ಟ್ಸ್ 2012ರಲ್ಲಿ ಬರ್ಲಿನ್‌ನ ಸೌಂಡ್‌ಕ್ಲೌಡ್ ಕಂಪನಿಯಲ್ಲಿ ಇದನ್ನು ಆರಂಭಿಸಿದರು. 2016ರಲ್ಲಿ ಇದು ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್ ಸೇರಿತು. ಹಲವು ಸರ್ವರ್‌ಗಳ ಮೇಲೆ ತಂತ್ರಾಂಶಗಳನ್ನು ನಡೆಸಿ ನಿರ್ವಹಿಸುವ ಕುಬರ್ನೆಟೀಸ್ ನಂತರ ಆ ಸಂಸ್ಥೆಗೆ ಬಂದ ಎರಡನೆಯ ಯೋಜನೆ ಇದು.

ಇದರ ಕೆಲಸದ ರೀತಿ ಸರಳ. ಅಳೆಯಬೇಕಾದ ಪ್ರತಿ ಯಂತ್ರದಲ್ಲೂ ಎಕ್ಸ್‌ಪೋರ್ಟರ್ ಎಂಬ ಚಿಕ್ಕ ಪ್ರೋಗ್ರಾಮ್ ಕುಳಿತಿರುತ್ತದೆ. ಕೇಳಿದಾಗ ಅದು ಬರಿಯ ಅಕ್ಷರಗಳ ಒಂದು ಪುಟ ಕೊಡುತ್ತದೆ: ಅಳತೆಯ ಹೆಸರು, ಅದರ ಮುಂದೆ ಸಂಖ್ಯೆ. ಪ್ರಮೀಥಿಯಸ್ ನಿಗದಿತ ಅಂತರದಲ್ಲಿ ಬಂದು ಆ ಪುಟವನ್ನು ಓದಿಕೊಂಡು ಹೋಗುತ್ತದೆ. ನನಗೆ ಬಹಳ ಇಷ್ಟವಾದ ಸಂಗತಿ ಇರುವುದು ಆ ಪುಟದಲ್ಲೇ. ಅಳತೆಯ ಮೇಲೆ ‘ಹೆಲ್ಪ್’ ಎಂಬ ಪದವಿರುವ ಒಂದು ಸಾಲು ಇರುತ್ತದೆ. ಈ ಸಂಖ್ಯೆ ಏನನ್ನು ಹೇಳುತ್ತದೆ ಎಂಬ ವಿವರಣೆ ಅಲ್ಲಿರುತ್ತದೆ. ಆ ವಿವರಣೆ ಬೇರೆ ಕೈಪಿಡಿಯಲ್ಲಿ ಇರುವುದಿಲ್ಲ, ಕೋಡ್‌ನ ಒಳಗೇ ಇರುತ್ತದೆ. ಹಾಗಾಗಿ ಕೋಡ್ ಬರೆಯುವವರು ಒಬ್ಬರು, ದಾಖಲೆ ಬರೆಯುವವರು ಇನ್ನೊಬ್ಬರು ಎಂಬ ವಿಂಗಡಣೆ ಇಲ್ಲಿ ನಿಲ್ಲುವುದಿಲ್ಲ. ದಾಖಲೆ ಬರೆಯುವುದನ್ನು ಹೊಸಬರಿಗೆ ಕೊಡುವ ಹಗುರ ಕೆಲಸವೆಂದು ಕಾಣುವವರಿದ್ದಾರೆ. ಮಾನಿಟರಿಂಗ್ ವಿಷಯದಲ್ಲಿ ಅದು ತಪ್ಪು ತಿಳಿವಳಿಕೆ ಎಂದು ನಾನು ಖಚಿತವಾಗಿ ಹೇಳುತ್ತೇನೆ.

ಹೆಸರಿನ ಮಾತನ್ನೇ ತೆಗೆದುಕೊಳ್ಳಿ. ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಯಂತ್ರಗಳನ್ನು ಅಳೆಯುವ ನೋಡ್ ಎಕ್ಸ್‌ಪೋರ್ಟರ್‌ನಲ್ಲಿ ಪ್ರೊಸೆಸರ್ ಬಳಕೆಯ ಅಳತೆಗೆ ಹಿಂದೆ ‘ನೋಡ್ ಸಿಪಿಯು’ ಎಂದಷ್ಟೇ ಹೆಸರಿತ್ತು. ಅದು ಶೇಕಡಾವಾರೋ, ಸೆಕೆಂಡುಗಳೋ ಹೆಸರಿನಿಂದ ತಿಳಿಯುತ್ತಿರಲಿಲ್ಲ. 2018ರಲ್ಲಿ 0.16ನೇ ಆವೃತ್ತಿ ಅದನ್ನು ‘ನೋಡ್ ಸಿಪಿಯು ಸೆಕೆಂಡ್ಸ್ ಟೋಟಲ್’ ಎಂದು ಬದಲಿಸಿತು. ಏಕಮಾನವೂ ಹೆಸರಿಗೆ ಬಂತು, ಅದು ಏರುತ್ತಲೇ ಹೋಗುವ ಎಣಿಕೆ ಎಂಬುದೂ ಬಂತು. ಇಂಥ ಹಲವು ಅಳತೆಗಳ ಹೆಸರು ಆಗ ಒಟ್ಟಿಗೆ ಬದಲಾಯಿತು. ಹಳೆಯ ಹೆಸರು ನಂಬಿದ್ದ, ಅಳತೆಗಳನ್ನು ಗ್ರಾಫ್‌ಗಳಾಗಿ ತೋರಿಸುವ ಡ್ಯಾಶ್‌ಬೋರ್ಡ್‌ಗಳು ಖಾಲಿಯಾಗುವ, ಎಚ್ಚರಿಕೆಯ ನಿಯಮಗಳು ಸದ್ದಿಲ್ಲದೆ ನಿಂತುಹೋಗುವ ಅಪಾಯವಿತ್ತು. ಆದ್ದರಿಂದ ಕೋಡ್ ಜೊತೆಗೇ ಹಳೆಯ ಹೆಸರಿನಿಂದ ಹೊಸದಕ್ಕೆ ಸಾಗುವ ಮಾರ್ಗದರ್ಶಿಯನ್ನೂ, ಹಳೆಯ ಹೆಸರುಗಳನ್ನು ಸ್ವಲ್ಪ ಕಾಲ ಉಳಿಸಿಕೊಳ್ಳುವ ಮಾದರಿ ನಿಯಮಗಳನ್ನೂ ಕೊಟ್ಟರು. ಆ ಮಾರ್ಗದರ್ಶಿ ಇಲ್ಲದಿದ್ದರೆ ಆ ಕೋಡ್ ಅರ್ಧ ಕೆಲಸವಾಗಿ ಉಳಿಯುತ್ತಿತ್ತು.

ದಾಖಲೆಯ ಒಂದು ವಾಕ್ಯ ಎಷ್ಟು ಭಾರ ಹೊರಬಲ್ಲದು ಎಂಬುದಕ್ಕೆ ಇನ್ನೊಂದು ಉದಾಹರಣೆ. ಪ್ರಮೀಥಿಯಸ್‌ನ ಅಧಿಕೃತ ದಾಖಲೆಯಲ್ಲಿ ಒಂದು ಸೂಚನೆ ಇದೆ: ಮೊದಲು ಪ್ರತಿ ಸರ್ವರ್‌ನ ಎಣಿಕೆ ಏರುವ ವೇಗ ಲೆಕ್ಕಹಾಕಿ, ಆಮೇಲೆ ಕೂಡಿಸಿ, ಎಂದೂ ತಿರುವುಮುರುವು ಮಾಡಬೇಡಿ. ಏಕೆ? ಒಂದು ಸರ್ವರ್ 5,000 ಕೋರಿಕೆ ಎಣಿಸಿದೆ, ಇನ್ನೊಂದು 3,000 ಎನ್ನಿ. ಒಟ್ಟು 8,000. ಎರಡನೆಯದು ಮರುಚಾಲನೆಗೊಂಡರೆ ಅದರ ಎಣಿಕೆ ಸೊನ್ನೆಗೆ ಇಳಿಯುತ್ತದೆ, ಮೊತ್ತ 5,000ಕ್ಕೆ ಬೀಳುತ್ತದೆ. ಎಣಿಕೆ ಕೆಳಗಿಳಿದರೆ ಅದು ಸೊನ್ನೆಯಿಂದ ಹೊಸದಾಗಿ ಏರಿದೆ ಎಂದು ಪ್ರಮೀಥಿಯಸ್ ಭಾವಿಸುತ್ತದೆ. ಮೊದಲೇ ಕೂಡಿಸಿಟ್ಟಿದ್ದರೆ, ಬಾರದೇ ಇದ್ದ 5,000 ಕೋರಿಕೆಗಳು ಒಮ್ಮೆಲೇ ಬಂದಂತೆ ಗ್ರಾಫ್‌ನಲ್ಲಿ ಕಾಣುತ್ತದೆ. ಅಪರಾತ್ರಿಯಲ್ಲಿ ಎಚ್ಚರಿಕೆಯ ಸದ್ದಿಗೆ ಎದ್ದು ಕುಳಿತ ಎಂಜಿನಿಯರ್ ಇಲ್ಲದ ದಟ್ಟಣೆಯನ್ನು ಹುಡುಕತೊಡಗುತ್ತಾರೆ. ಆ ಸೂಚನೆ ಬರೆದವರಿಗೆ ನಾನು ಮನಸಾರೆ ಕೃತಜ್ಞ. ಇಂಥ ವಾಕ್ಯ ಬರೆಯಲು ಇಂಗ್ಲಿಷ್ ಪಾಂಡಿತ್ಯ ಬೇಕಿಲ್ಲ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಎಷ್ಟೋ ವಿದ್ಯಾರ್ಥಿಗಳು ಭಾಷೆಯ ಅಳುಕಿನಿಂದಲೇ ಹಿಂದೆ ಸರಿಯುತ್ತಾರೆ, ಸರಿಯಬಾರದು. ವ್ಯಾಕರಣವನ್ನು ಪರಿಶೀಲಿಸುವವರು ತಿದ್ದಿಕೊಡುತ್ತಾರೆ. ವಿಷಯ ಸರಿಯಾಗಿರಬೇಕು, ಅಷ್ಟೇ.

ಇನ್ನು ಕೋಡ್. ಇಲ್ಲಿ ಮೊದಲ ಕೆಲಸ ಬರೆಯುವುದಲ್ಲ, ಓದುವುದು. ನೋಡ್ ಎಕ್ಸ್‌ಪೋರ್ಟರ್‌ನ ಕೊಡುಗೆದಾರರ ಸೂಚನೆಗಳಲ್ಲಿ ಗಡಿ ಸ್ಪಷ್ಟವಾಗಿದೆ: ಹೊಸ ಅಳತೆ ಸೇರಿಸುವ ಕೋಡ್ ಹೊರಗಿನ ಕಮಾಂಡ್‌ಗಳನ್ನು ಓಡಿಸುವಂತಿಲ್ಲ, ರೂಟ್ ಅಧಿಕಾರ, ಅಂದರೆ ಯಂತ್ರದ ಮೇಲಿನ ಪೂರ್ಣ ಅಧಿಕಾರ, ಬೇಡುವಂತಿಲ್ಲ. ಕಾವಲಿಗೆ ಕೂರಿಸಿದ ಪ್ರೋಗ್ರಾಮೇ ಯಂತ್ರಕ್ಕೆ ಭಾರವಾಗಬಾರದಲ್ಲವೇ? ಇದನ್ನು ಓದದೆ ವಾರಗಟ್ಟಲೆ ದುಡಿದು ಕಳಿಸಿದ ಕೋಡ್ ತಿರಸ್ಕೃತವಾದರೆ ಬೇಸರವಾಗುವುದು ಸಹಜ. ಆದ್ದರಿಂದ ಮೊದಲು ಕೋಡ್ ಇಟ್ಟಿರುವ ಗಿಟ್‌ಹಬ್ ಜಾಲತಾಣದಲ್ಲಿ ಇಶ್ಯೂ, ಅಂದರೆ ಚರ್ಚೆಯ ಒಂದು ಪುಟ, ತೆರೆದು, ಹೀಗೆ ಮಾಡಬೇಕೆಂದಿದ್ದೇನೆ, ಸರಿಯೇ ಎಂದು ಕೇಳಿ. ಗಡಿಯಾಚೆಗಿನ ಅಳತೆಗೂ ದಾರಿಯಿದೆ: ನಿಮ್ಮದೇ ಸ್ಕ್ರಿಪ್ಟ್ ಒಂದು ಪಠ್ಯ ಕಡತದಲ್ಲಿ ಸಂಖ್ಯೆಗಳನ್ನು ಬರೆದಿಟ್ಟರೆ ಎಕ್ಸ್‌ಪೋರ್ಟರ್ ಅದನ್ನು ಎತ್ತಿಕೊಳ್ಳುತ್ತದೆ.

ಪರೀಕ್ಷೆಯ ಕಡತಗಳೂ ದೊಡ್ಡ ಕೊಡುಗೆ. ಲಿನಕ್ಸ್ ತನ್ನ ಸ್ಥಿತಿಯನ್ನು ಪ್ರೋಕ್ ಮತ್ತು ಸಿಸ್ ಎಂಬ ಫೋಲ್ಡರ್‌ಗಳಲ್ಲಿ ತೋರಿಸುತ್ತದೆ. ನಿಜವಾದ ಯಂತ್ರಗಳಿಂದ ತೆಗೆದ ಅವುಗಳ ಪ್ರತಿಗಳನ್ನು ಇಟ್ಟುಕೊಂಡೇ ಈ ಎಕ್ಸ್‌ಪೋರ್ಟರ್ ತನ್ನನ್ನು ಪರೀಕ್ಷಿಸಿಕೊಳ್ಳುತ್ತದೆ. ಯೋಜನೆಯ ನಿರ್ವಾಹಕರ ಬಳಿ ಇಲ್ಲದ ಹಾರ್ಡ್‌ವೇರ್ ನಿಮ್ಮ ಪ್ರಯೋಗಾಲಯದಲ್ಲಿದ್ದರೆ, ಅದರ ಆ ಕಡತಗಳೇ ಬೆಲೆಬಾಳುವ ವಸ್ತು.

ಬದಲಾವಣೆ ಒಪ್ಪಿಸುವಾಗ ‘ಸೈನ್ಡ್ ಆಫ್ ಬೈ’ ಎಂಬ ಸಾಲಿನಲ್ಲಿ ಹೆಸರು ಹಾಕಬೇಕು. ಇದನ್ನು ಕೊಡುವ ಹಕ್ಕು ನನಗಿದೆ ಎಂಬ ಘೋಷಣೆ ಅದು. ಲಿನಕ್ಸ್‌ನ ತಿರುಳಾದ ಕರ್ನಲ್ ಬರೆಯುವ ಬಳಗದಲ್ಲಿ 2004ರಲ್ಲಿ ಬಂದ ಪದ್ಧತಿ.

ಎಣಿಕೆಗಾಗಿ ಮಾತ್ರ ಕೊಡುಗೆ ಕೊಡಬೇಡಿ. 2020ರ ಅಕ್ಟೋಬರ್‌ನಲ್ಲಿ ಟೀ ಶರ್ಟಿನ ಆಸೆಗೆ, ಮುಕ್ತ ತಂತ್ರಾಂಶಕ್ಕೆ ಕೊಡುಗೆ ಕೊಟ್ಟವರಿಗೆ ಬಹುಮಾನ ನೀಡುವ ಹ್ಯಾಕ್ಟೋಬರ್‌ಫೆಸ್ಟ್ ಹೆಸರಿನಲ್ಲಿ, ದಾಖಲೆಗಳಿಗೆ ಒಂದೆರಡು ಅರ್ಥಹೀನ ಪದ ಸೇರಿಸಿದ ಪುಲ್ ರಿಕ್ವೆಸ್ಟ್‌ಗಳು, ಅಂದರೆ ಬದಲಾವಣೆ ಒಪ್ಪಿಸುವ ಕೋರಿಕೆಗಳು, ಲೆಕ್ಕವಿಲ್ಲದಷ್ಟು ಬಂದವು. ಬಿಡುವಿನ ವೇಳೆಯಲ್ಲಿ ಯೋಜನೆ ನಡೆಸುವವರು ಅವನ್ನು ಮುಚ್ಚುವುದರಲ್ಲೇ ದಣಿದರು. ಕೊನೆಗೆ, ಒಪ್ಪಿಗೆ ಕೊಟ್ಟ ಯೋಜನೆಗಳಿಗೆ ಬಂದ ಕೊಡುಗೆ ಮಾತ್ರ ಲೆಕ್ಕಕ್ಕೆ ಎಂಬ ನಿಯಮ ತರಬೇಕಾಯಿತು.

ನಿಜವಾದ ಕೆಲಸ ಎಲ್ಲಿದೆ ಎಂದು ಕೇಳುವಿರಾದರೆ, ನಿಮ್ಮ ಲಿನಕ್ಸ್ ಕಂಪ್ಯೂಟರಿನಲ್ಲಿ ನೋಡ್ ಎಕ್ಸ್‌ಪೋರ್ಟರ್ ಓಡಿಸಿ, ಬ್ರೌಸರ್‌ನಲ್ಲಿ 9100ನೇ ಪೋರ್ಟಿನ ವಿಳಾಸಕ್ಕೆ ಹೋಗಿ ಅದರ ಪುಟ ತೆರೆಯಿರಿ. ಮೆಮೊರಿಯ ಅಳತೆಗಳ ಬಳಿ ಹೋಗಿ. ಅಲ್ಲಿನ ಹೆಲ್ಪ್ ಸಾಲು ‘ಮೆಮೊರಿ ಇನ್ಫರ್ಮೇಶನ್ ಫೀಲ್ಡ್’ ಎಂದು ಹೇಳಿ, ಅಳತೆಯ ಹೆಸರನ್ನೇ ಮತ್ತೊಮ್ಮೆ ಬರೆದು ಸುಮ್ಮನಾಗುತ್ತದೆ. ಕರ್ನಲ್ ಕೊಡುವ ಹೆಸರುಗಳಿಂದ ಆ ಸಾಲುಗಳನ್ನು ಕೋಡ್ ತಾನಾಗಿಯೇ ಹೆಣೆಯುವುದು ಇದಕ್ಕೆ ಕಾರಣ. ‘ಫ್ರೀ’ ಮೆಮೊರಿ ಕಡಿಮೆಯಿದ್ದರೂ ಗಾಬರಿಯಾಗಬೇಕಿಲ್ಲ, ಕಡತಗಳ ಕ್ಯಾಶ್‌ಗೆ, ಅಂದರೆ ಓದಿದ್ದನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಜಾಗಕ್ಕೆ, ಹೋದದ್ದರಲ್ಲಿ ಬಹುಪಾಲನ್ನು ಬೇಕಾದಾಗ ಮರಳಿ ಪಡೆಯಬಹುದು, ನೋಡಬೇಕಾದದ್ದು ‘ಅವೈಲಬಲ್’ ಎಂಬ ಅಳತೆಯನ್ನು ಎಂಬ ವಿಷಯ ಆ ಪುಟದಿಂದ ಹೊಸಬರಿಗೆ ತಿಳಿಯುವುದಿಲ್ಲ. ಅದನ್ನು ಕೋಡ್‌ನಲ್ಲೇ ಹೇಳಬೇಕೇ, ಅಧಿಕೃತ ಮಾರ್ಗದರ್ಶಿಯಲ್ಲಿ ಹೇಳಬೇಕೇ ಎಂಬುದು ಚರ್ಚೆಗೆ ಯೋಗ್ಯವಾದ ಪ್ರಶ್ನೆ. ಮೊದಲು ಹಳೆಯ ಇಶ್ಯೂಗಳಲ್ಲಿ ಇದೇ ಮಾತು ಬಂದಿದೆಯೇ ಹುಡುಕಿ; ಬಂದಿರದಿದ್ದರೆ ನೀವೇ ಒಂದನ್ನು ತೆರೆದು, ನಿಮ್ಮ ಯಂತ್ರದ ಎರಡು ಅಳತೆಗಳನ್ನೂ ಅಲ್ಲಿ ನಮೂದಿಸಿ.

ನಮಸ್ಕಾರ.