ಮೊದಲ ಅರ್ಧ ಗಂಟೆ ಯಾರ ಕೈಯಲ್ಲಿ?

ಎಲ್ರಿಗೂ ನಮಸ್ಕಾರ. ಭಯೋತ್ಪಾದಕ ದಾಳಿ ಆದಾಗ ಸ್ಥಳದಲ್ಲಿ ಕಮಾಂಡ್ ಹಿಡಿಯುವವರಿಗೆ ಎಂಥ ತರಬೇತಿ ಬೇಕು, ಇವತ್ತಿನ ವಿಷಯ ಅದು. 2008ರಲ್ಲಿ ದಾಳಿ ಆದಾಗ ಮುಂಬೈಗೆ ಕೇಂದ್ರದ ಕಮಾಂಡೋ ಪಡೆ ಎನ್‌ಎಸ್‌ಜಿ ದಿಲ್ಲಿ ಹತ್ರದ ಮಾನೇಸರದಿಂದ ಬರ್ಬೇಕಾಯ್ತು, ಆಮೇಲೆ ಚೆನ್ನೈ, ಹೈದರಾಬಾದ್, ಮುಂಬೈ, ಕೋಲ್ಕತಾದಲ್ಲಿ ಅವರ ಹಬ್ ಮಾಡಿದ್ರು, ಒಳ್ಳೇದೇ ಆಯ್ತು, ಆದ್ರೆ ಚೆನ್ನೈಯವ್ರು ಎಷ್ಟು ಬೇಗ ಹೊರಟ್ರೂ ಕಾಸರಗೋಡಿನಲ್ಲಿ ಮೊದಲ ಅರ್ಧ ಗಂಟೆಗೆ ಇರೂದು ಠಾಣೆಯ ಎಸ್‌ಐ, ಫೈರ್ ಸ್ಟೇಷನ್ ಆಫೀಸರ್, 108ರವ್ರು, ಆಸ್ಪತ್ರೆಯ ಡ್ಯೂಟಿ ಡಾಕ್ಟ್ರು, ಅಷ್ಟೇ. ತರಬೇತಿ ಮೊದ್ಲು ಸಿಗ್ಬೇಕಾದ್ದು ಇವರಿಗೆ.

ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಕಥೆ ಸ್ವಲ್ಪ ವಿವರವಾಗಿ ಹೇಳ್ತೇನೆ. 2017ರ ಮೇ 22ರ ರಾತ್ರಿ, ಸಂಗೀತ ಕಾರ್ಯಕ್ರಮ ಮುಗಿದು ಮಕ್ಕಳು ಹೊರಗೆ ಬರುವಾಗ ಬಾಂಬ್ ಸಿಡಿದು 22 ಜನ ಸತ್ರು. ಫೈರ್ ಇಂಜಿನ್ ಅಲ್ಲಿಗೆ ಮುಟ್ಟಿದ್ದು ಎರಡು ಗಂಟೆ ಕಳೆದ ಮೇಲೆ! ಇಂಜಿನ್ ಇಲ್ಲದ್ದಕ್ಕಲ್ಲ, ಡ್ರೈವರ್ ಇಲ್ಲದ್ದಕ್ಕಲ್ಲ. ಬಂದೂಕು ಹಿಡಿದವ ಯಾರಾದ್ರೂ ಒಳಗೆ ತಿರುಗ್ತಾ ಇರ್ಬಹುದು ಅಂತ ಪೊಲೀಸ್ ಡ್ಯೂಟಿ ಆಫೀಸರ್ ಅದಕ್ಕೆ ಇಟ್ಟಿದ್ದ ಪ್ಲಾನ್ ಶುರು ಮಾಡಿದ್ರು, ಫೈರ್‌ನವ್ರಿಗೂ ಆಂಬ್ಯುಲೆನ್ಸ್‌ನವ್ರಿಗೂ ಹೇಳ್ಲೇ ಇಲ್ಲ, ಫೈರ್‌ನವ್ರು ದೂರದಲ್ಲಿ ಸೇರಿ ಕಾದ್ರು. ಸ್ಫೋಟ ಆದ ಜಾಗದ ಒಳಗೆ ಹೋದ ಪಾರಾಮೆಡಿಕ್ಸ್ ಬರೀ 3 ಜನ. ನನಗೆ ಹೆಚ್ಚು ಸಂಕಟ ಆಗೂದು ಇದಕ್ಕೆ: ಅದರ ಹಿಂದಿನ ವರ್ಷವೇ ಅವ್ರು ದೊಡ್ಡ ಮಾಕ್ ಡ್ರಿಲ್ ಮಾಡಿದ್ರು, ಆ ಒಬ್ಬ ಡ್ಯೂಟಿ ಆಫೀಸರ್ ಮೇಲೆ ತಡೆಯಲಾರದಷ್ಟು ಕೆಲ್ಸ ಬೀಳ್ತದೆ ಅಂತ ಅಲ್ಲೇ ಗೊತ್ತಾಗಿತ್ತು. ಸರಿ ಮಾಡ್ಲಿಲ್ಲ.

ಹಾಗಾಗಿ ಕಮಾಂಡರಿಗೆ ಕಲಿಸ್ಬೇಕಾದ್ದು ಮೊದಲು ಕೆಲ್ಸ ಹಂಚೂದು. ನಮ್ಮ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ, ಎನ್‌ಡಿಎಂಎ, 2010ರಲ್ಲಿ ತಂದ ಮಾರ್ಗಸೂಚಿಯಲ್ಲಿ ಇದೆಲ್ಲ ಉಂಟು, ಜಿಲ್ಲೆಗೆ ಕಲೆಕ್ಟರ್ ಜವಾಬ್ದಾರಿ, ಸ್ಥಳಕ್ಕೆ ಇನ್ಸಿಡೆಂಟ್ ಕಮಾಂಡರ್, ಅವರ ಕೆಳಗೆ ಆಪರೇಷನ್ಸ್, ಪ್ಲಾನಿಂಗ್, ಲಾಜಿಸ್ಟಿಕ್ಸ್, ಒಬ್ಬರ ಕೈಕೆಳಗೆ ಸುಮಾರು 5 ಜನ. ಕಾಗದದಲ್ಲಿ ಚಂದ. ಆದ್ರೆ ಮೂರು ಫೋನು ಒಟ್ಟಿಗೆ ಹೊಡ್ಕೊಳ್ಳುವಾಗ, ಎರಡನೇ ಬಾಂಬ್ ಉಂಟು ಅಂತ ವಾಟ್ಸಾಪಲ್ಲಿ ಬಂದಾಗ, ಒಳಗೆ ರಕ್ತ ಸುರೀತಾ ಇರುವ ಜನ ಇರುವಾಗ, ನಮ್ಮ ಹುಡುಗರನ್ನು ಒಳಗೆ ಕಳಿಸೂದಾ ಬೇಡ್ವಾ ಅಂತ ಎರಡು ನಿಮಿಷದಲ್ಲಿ ಹೇಳ್ಬೇಕಲ್ಲ, ಅದು ಕ್ಲಾಸಲ್ಲಿ ಕೂತು ಬರುವ ವಿದ್ಯೆ ಅಲ್ಲ. ಅರ್ಧ ಸುದ್ದಿ, ಸುಳ್ಳು ಸುದ್ದಿ ಕೊಟ್ಟು, ನಡುವೆ ನಡುವೆ ಅಡ್ಡಿ ಮಾಡಿ, ಟೇಬಲ್‌ಟಾಪ್, ಅಂದ್ರೆ ಮೇಜಿನ ಸುತ್ತ ಕೂತು ಮಾಡುವ ಅಣಕು ಅಭ್ಯಾಸ, ಮಾಡಿಸ್ಬೇಕು. ಸರಿ ಉತ್ತರಕ್ಕೆ ಮಾರ್ಕ್ ಬೇಡ, ಯಾಕೆ ಆ ನಿರ್ಧಾರ ತೆಗೊಂಡ್ರಿ ಅಂತ ಕೇಳ್ಬೇಕು, ಅದನ್ನು ಬರ್ದಿಡುವ ಅಭ್ಯಾಸ ಮಾಡಿಸ್ಬೇಕು.

ನಮ್ಮ ಊರಿಗೆ ಬರುವ. 2024ರ ಅಕ್ಟೋಬರಲ್ಲಿ ನೀಲೇಶ್ವರದ ಕಾವಿನಲ್ಲಿ ತೆಯ್ಯಂ ನೋಡ್ಲಿಕ್ಕೆ ಸೇರಿದಾಗ ಪಟಾಕಿ ಸಿಡಿದು 150ಕ್ಕೂ ಹೆಚ್ಚು ಜನಕ್ಕೆ ಗಾಯ ಆಯ್ತು. ಅದು ದಾಳಿ ಅಲ್ಲ, ಅಪಘಾತ. ಆದ್ರೂ ಗಾಯಾಳುಗಳು ಕಾಞಂಗಾಡು, ಕಣ್ಣೂರು, ಮಂಗಳೂರು ಅಂತ ಹಂಚಿಹೋದ್ರು. ದಾಳಿ ಆದ್ರೂ ಅದೇ ದಾರಿ, ನಮ್ಗೆ ದೊಡ್ಡ ಆಸ್ಪತ್ರೆ ಅಂದ್ರೆ ಕರ್ನಾಟಕ ಗಡಿಯ ತಲಪಾಡಿ ಗೇಟಿನ ಆಚೆ. 2020ರಲ್ಲಿ ಕೋವಿಡ್ ಹೊತ್ತಲ್ಲಿ ಆ ಗೇಟು ಬಂದ್ ಆಗಿ ರೋಗಿಗಳು ಸಿಕ್ಕಿಬಿದ್ದದ್ದು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋದದ್ದು ಇಲ್ಲಿ ಯಾರೂ ಮರೀಲಿಲ್ಲ. ಮಂಜೇಶ್ವರದಲ್ಲಿ ಫೋನು ಆಚೆ ಟವರ್ ಹಿಡಿದ್ರೆ 112 ಕರೆ ಬೇರೆ ರಾಜ್ಯದ ಕಂಟ್ರೋಲ್ ರೂಮಿಗೆ ಹೋಗ್ಬಹುದು, ಅಲ್ಲಿ ಕನ್ನಡ, ಇಲ್ಲಿ ಮಲಯಾಳ, ಗಾಯ ಆದವ ಕೂಗೂದು ತುಳುವಿನಲ್ಲೋ ಬ್ಯಾರಿಯಲ್ಲೋ.

ಆದ್ರಿಂದ ಕಾಸರಗೋಡು, ದಕ್ಷಿಣ ಕನ್ನಡ, ಎರಡೂ ಜಿಲ್ಲೆಯ ಅಧಿಕಾರಿಗಳಲ್ಲಿ ನನ್ನ ಕೇಳಿಕೆ ಇಷ್ಟು. ಮುಂದಿನ ಡ್ರಿಲ್ ತಲಪಾಡಿಯಲ್ಲಿ ಒಟ್ಟಿಗೆ ಮಾಡಿ, ರಾತ್ರಿ ಹೊತ್ತು ಮಾಡಿ, ಮೊದಲೇ ತಾರೀಕು ಹೇಳ್ಬೇಡಿ. ಆ ದಿನ ನಿಜವಾಗಿ ಡ್ಯೂಟಿಯಲ್ಲಿರುವ ಎಸ್‌ಐಯೇ ಕಮಾಂಡರ್ ಆಗ್ಲಿ. ಯಾವ ಆಸ್ಪತ್ರೆಯಲ್ಲಿ ಎಷ್ಟು ಬೆಡ್ ಉಂಟು ಅಂತ ಆಚೆಯ ಕಂಟ್ರೋಲ್ ರೂಮಿಂದ ಅವ್ರಿಗೆ ಎಷ್ಟು ನಿಮಿಷದಲ್ಲಿ ಉತ್ತರ ಬರ್ತದೆ, ಅದನ್ನು ಗಡಿಯಾರ ಹಿಡಿದು ನೋಡಿ, ಬಂದ ಲೆಕ್ಕವನ್ನು ಎರಡೂ ಕಡೆ ಜನರ ಎದುರು ಇಡಿ.