ಡಬ್ಬ ಕೊಳ್ಳುವ ಮುಂಚೆ ಎತ್ತುವವರನ್ನು ಕೇಳಿ

ಕೇಳುಗರಿಗೆ ನಮಸ್ಕಾರ.

ಜೂನ್ ಬಂತು ಅಂದರೆ ಶಾಲೆ, ಕಾಲೇಜು, ಹಾಸ್ಟೆಲ್‌ಗಳಲ್ಲಿ ಖರೀದಿಯ ಪಟ್ಟಿ ತಯಾರಾಗುತ್ತದೆ. ಬೆಂಚು, ಫ್ಯಾನು, ಟ್ಯೂಬ್‌ಲೈಟುಗಳ ಮಧ್ಯೆ ಕಸದ ಡಬ್ಬ ಅಂತ ಒಂದು ಸಾಲು ಇರುತ್ತದೆ. ಎಷ್ಟು ಬೇಕು ಅಂತ ಬರೆದಿರುತ್ತಾರೆ. ಯಾವುದು, ಎಲ್ಲಿಗೆ, ಯಾವ ಕಸಕ್ಕೆ ಅನ್ನುವುದು ಮಾತ್ರ ಇರುವುದಿಲ್ಲ. ಮೂರು ಕೊಟೇಶನ್ ಬರುತ್ತವೆ, ಕಡಿಮೆ ರೇಟಿನದಕ್ಕೆ ಸಹಿ ಬೀಳುತ್ತದೆ. ಇವತ್ತು ಆ ಒಂದು ಸಾಲಿನ ಬಗ್ಗೆ ಮಾತಾಡೋಣ.

ನಮ್ಮ ಮೈಸೂರು 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ದೇಶಕ್ಕೇ ಮೊದಲು ಬಂದ ಊರು. ಕುಂಬಾರಕೊಪ್ಪಲಿನ ಘಟಕದಲ್ಲಿ ಕಸವನ್ನು ಕೈಯಾರೆ ಬೇರೆ ಮಾಡುತ್ತಾರೆ. ಹಸಿ ಕಸ ಗೊಬ್ಬರವಾಗುತ್ತದೆ, ಒಣ ಕಸ ಮಾರಾಟಕ್ಕೆ ಹೋಗುತ್ತದೆ. ಇದೇ ಊರಿನ ವಿದ್ಯಾರಣ್ಯಪುರದ ಸೂಯೇಜ್ ಫಾರ್ಮ್‌ನಲ್ಲಿ ಕಸ ಗುಡ್ಡವಾಗಿ ಬೆಳೆದದ್ದನ್ನೂ ನಾವು ನೋಡಿದ್ದೇವೆ. ನಮ್ಮ ಕಸ ಗೊಬ್ಬರವಾಗುತ್ತದಾ, ಗುಡ್ಡ ಸೇರುತ್ತದಾ ಅನ್ನುವುದು ಬಹಳ ಮಟ್ಟಿಗೆ ಮೊದಲ ಡಬ್ಬದಲ್ಲೇ ತೀರ್ಮಾನವಾಗಿಬಿಡುತ್ತದೆ. ಸಾಂಬಾರು ಹೀರಿದ ಕಾಗದವನ್ನು ಯಾವ ಗುಜರಿಯವರೂ ಮುಟ್ಟುವುದಿಲ್ಲ. ಗಾಜಿನ ಚೂರು ಸೇರಿದ ಗೊಬ್ಬರವನ್ನು ಯಾವ ರೈತರೂ ಗದ್ದೆಗೆ ಹಾಕುವುದಿಲ್ಲ.

ಹಾಗಾಗಿ ಕೊಳ್ಳುವುದಕ್ಕೆ ಮುಂಚೆ ಒಂದು ವಾರ ನಿಮ್ಮ ಸಂಸ್ಥೆಯ ಕಸವನ್ನು ಗಮನಿಸಿ. ಯಾವ ಜಾಗದಲ್ಲಿ ಏನು ಬೀಳುತ್ತದೆ ಅಂತ ಬರೆದಿಡಿ, ಸಾಧ್ಯವಾದರೆ ತೂಕ ಹಾಕಿಸಿ. ಮೆಸ್ಸಿನಲ್ಲಿ ಮುಸುರೆ, ತರಕಾರಿ ಸಿಪ್ಪೆ, ಬಾಳೆ ಎಲೆ. ಆಫೀಸಿನಲ್ಲಿ ಕಾಗದ. ತರಗತಿಯಲ್ಲಿ ಚಿಪ್ಸ್ ಪ್ಯಾಕೆಟ್ಟು, ಪೆನ್ಸಿಲ್ ಹೊಟ್ಟು. ಎಲ್ಲ ಕಡೆಗೂ ಒಂದೇ ಅಳತೆಯ ಡಬ್ಬ ಇಟ್ಟರೆ ಮೆಸ್ಸಿನದು ಮಧ್ಯಾಹ್ನಕ್ಕೇ ತುಂಬಿ ಚೆಲ್ಲುತ್ತದೆ, ಆಫೀಸಿನದು ವಾರವಾದರೂ ತಳ ಬಿಟ್ಟು ಮೇಲೆ ಬರುವುದಿಲ್ಲ. ತೂಕಕ್ಕೆ ಇನ್ನೊಂದು ಕಾರಣವೂ ಇದೆ. 2016ರ ಘನತ್ಯಾಜ್ಯ ನಿಯಮಗಳು ದಿನಕ್ಕೆ ಸರಾಸರಿ 100 ಕೆ.ಜಿ.ಗಿಂತ ಜಾಸ್ತಿ ಕಸ ಬರುವ ಸಂಸ್ಥೆಯನ್ನು ದೊಡ್ಡ ಪ್ರಮಾಣದಲ್ಲಿ ಕಸ ಉತ್ಪಾದಿಸುವ ಸಂಸ್ಥೆ ಅಂತ ಲೆಕ್ಕಕ್ಕೆ ತೆಗೆದುಕೊಂಡವು. ಮುನ್ನೂರು ನಾನೂರು ಮಕ್ಕಳು ಊಟ ಮಾಡುವ ಹಾಸ್ಟೆಲ್ ಈ ಗಡಿಯ ಹತ್ತಿರ ಹೋಗುವುದು ಕಷ್ಟವೇನಲ್ಲ.

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಅಂಗಡಿಯಲ್ಲಿ ಚಕ್ರ ಇರುವ 240 ಲೀಟರ್ ಡಬ್ಬ ನೋಡುವುದಕ್ಕೆ ಚೆನ್ನಾಗಿರುತ್ತದೆ. ಅದರಲ್ಲಿ ಖಾಲಿ ನೀರಿನ ಬಾಟಲಿ ತುಂಬಿದರೆ ಹತ್ತು ಕೆ.ಜಿ.ಯೂ ಬರುವುದಿಲ್ಲ. ಅದೇ ಡಬ್ಬಕ್ಕೆ ಅನ್ನ, ಸಾರು, ಸಾಂಬಾರು ಬಿದ್ದರೆ 100 ಕೆ.ಜಿ. ದಾಟುತ್ತದೆ. ಅದನ್ನು ಯಾರು ಎತ್ತಬೇಕು? ಬೆಳಿಗ್ಗೆ ಕಸ ಎತ್ತಲು ಬರುವ ಇಬ್ಬರು ಹೆಂಗಸರು. ಆಟೋ ಟಿಪ್ಪರಿನ ಅಂಚು ಅವರ ಭುಜದ ಎತ್ತರಕ್ಕೆ ಇರುತ್ತದೆ. ಅವರು ಡಬ್ಬ ಎತ್ತುವುದನ್ನು ಒಂದು ಸಲ ಹತ್ತಿರ ನಿಂತು ನೋಡಿ. ಹಿಡಿ ಇಲ್ಲದ ಡಬ್ಬವಾದರೆ ತೆಳು ಅಂಚು ಬೆರಳಿಗೆ ಒತ್ತುತ್ತದೆ. ಅದಕ್ಕೇ ಒಬ್ಬರು ಸೆರಗಿನ ತುದಿಯನ್ನು ಅಂಗೈಗೆ ಸುತ್ತಿಕೊಳ್ಳುತ್ತಾರೆ. ತಳದಲ್ಲಿ ಸೀಳು ಬಿಟ್ಟಿದ್ದರೆ ಎತ್ತುವಾಗ ಮುಸುರೆ ನೀರು ಮೊಣಕೈವರೆಗೂ ಇಳಿಯುತ್ತದೆ. ಖರೀದಿ ಸಮಿತಿಯಲ್ಲಿ ಇವರನ್ನು ಯಾರೂ ಕೇಳುವುದಿಲ್ಲ. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಹಸಿ ಕಸಕ್ಕೆ ಚಿಕ್ಕ ಡಬ್ಬಗಳೇ ವಾಸಿ. ನಲವತ್ತು ಲೀಟರಿನದು, ಎರಡೂ ಕಡೆ ಗಟ್ಟಿ ಹಿಡಿ ಇರುವುದು, ಒಳಗೆ ಮೂಲೆಗಳಿಲ್ಲದೆ ನುಣ್ಣಗಿರುವುದು. ಆಗ ತೊಳೆಯುವುದು ಸುಲಭ. ದೊಡ್ಡ ಚಕ್ರದ ಡಬ್ಬ ಒಣ ಕಸಕ್ಕಿರಲಿ. ಕಂಬಕ್ಕೆ ನೇತುಹಾಕುವ ಸ್ಟೀಲ್ ಡಬ್ಬಗಳನ್ನು ನೋಡಿದ್ದೀರಲ್ವಾ? ತಿರುಗಿಸಿ ಸುರಿಯಲು ಅನುಕೂಲ ಅಂತ ಮಾಡಿದ್ದು. ಕೊಂಡಿ ಹೋಯಿತು ಅಂದರೆ ತಲೆಕೆಳಗಾಗಿ ನೇತಾಡುತ್ತವೆ, ಮಳೆಗೆ ನೆನೆದು ತಳ ತುಕ್ಕು ಹಿಡಿಯಲೂಬಹುದು. ಬಯಲಲ್ಲಿ ಇಡುವುದಾದರೆ ದಪ್ಪ ಪ್ಲಾಸ್ಟಿಕ್ಕಿನದೇ ಬಾಳಿಕೆ ಬರುತ್ತದೆ. ಮುಚ್ಚಳವಂತೂ ಬೇಕೇ ಬೇಕು. ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಇರುವವರಿಗೆ ಕೋತಿಗಳ ವಿಷಯ ಹೇಳಬೇಕಾಗಿಲ್ಲ. ಸುಮ್ನೆ ಮೇಲಿಟ್ಟ ಮುಚ್ಚಳ ಅವಕ್ಕೆ ಲೆಕ್ಕಕ್ಕೇ ಇಲ್ಲ, ಚಿಲಕ ಬೇಕು.

ಒಣ ಕಸದ ಡಬ್ಬದ ಬಾಯಿ ಹೇಗಿರಬೇಕು ಅನ್ನುವುದನ್ನೂ ಯೋಚಿಸಿ. ಕಾಗದಕ್ಕೆ ಉದ್ದನೆಯ ಸೀಳು, ಬಾಟಲಿಗೆ ದುಂಡನೆಯ ರಂಧ್ರ. ಊಟದ ತಟ್ಟೆ ತೂರದ ಬಾಯಿ ಇದ್ದರೆ ಅರ್ಧ ಕೆಲಸ ತಾನಾಗಿಯೇ ಆಗುತ್ತದೆ, ಯಾರೂ ಬೋರ್ಡು ಓದಬೇಕಾಗಿಲ್ಲ. ಹಸಿರು ಡಬ್ಬ ಹಸಿ ಕಸಕ್ಕೆ, ನೀಲಿ ಒಣ ಕಸಕ್ಕೆ ಅಂತ ಮಕ್ಕಳಿಗೂ ಗೊತ್ತಾಗಿದೆ, ಅದನ್ನು ಬದಲಾಯಿಸಬೇಡಿ. ಎರಡನ್ನೂ ಜೋಡಿಯಾಗಿಯೇ ಇಡಿ. ಒಂಟಿಯಾಗಿ ಇಟ್ಟ ಡಬ್ಬಕ್ಕೆ ಎಲ್ಲವೂ ಬೀಳುತ್ತದೆ, ಬಣ್ಣ ಯಾವುದಾದರೇನು.

ನಿಮ್ಮ ಸಂಸ್ಥೆಯಲ್ಲಿ ಆಸ್ಪತ್ರೆಯೋ ಲ್ಯಾಬೋ ಇದ್ದರೆ ಹುಷಾರು. ವೈದ್ಯಕೀಯ ತ್ಯಾಜ್ಯಕ್ಕೆ ಹಳದಿ, ಕೆಂಪು, ನೀಲಿ, ಬಿಳಿ ಅಂತ ಬೇರೆಯೇ ನಿಯಮ ಇದೆ. ಅಲ್ಲಿ ನೀಲಿ ಅಂದರೆ ಔಷಧದ ಗಾಜಿನ ಬಾಟಲಿಗಳಂಥ ವಸ್ತುಗಳಿಗೆ. ಕ್ಯಾಂಟೀನಿನ ನೀಲಿ ಡಬ್ಬವನ್ನು ವಾರ್ಡಿನ ಬಾಗಿಲಲ್ಲಿ ಇಟ್ಟರೆ ಗೊಂದಲವಾಗುತ್ತದೆ, ಯಾರಿಗಾದರೂ ಗಾಯವೂ ಆಗಬಹುದು.

ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಶೌಚಾಲಯಗಳಲ್ಲಿ ಪ್ಯಾಡಿಗೆ ಪೆಡಲ್ ಇರುವ, ಮುಚ್ಚಳದ ಪ್ರತ್ಯೇಕ ಡಬ್ಬ ಇರಬೇಕು, ಪಕ್ಕದಲ್ಲೇ ಸುತ್ತಿ ಹಾಕಲು ಹಳೇ ಪೇಪರ್ ಇರಬೇಕು. ಇದಕ್ಕೆ ಖರ್ಚು ಜಾಸ್ತಿ ಆಗುವುದಿಲ್ಲ. ಆದರೂ ಪಟ್ಟಿಯಲ್ಲಿ ಬಿಟ್ಟುಹೋಗುವುದು ಇದೇ. ಆಮೇಲೆ ಒಣ ಕಸ ಆರಿಸುವವರು ಬರಿಗೈಯಲ್ಲಿ ಅದನ್ನು ಹೆಕ್ಕಬೇಕಾಗುತ್ತದೆ.

ಆರ್ಡರ್ ಕೊಡುವ ಮುಂಚೆ ವ್ಯಾಪಾರಿಯಿಂದ ಒಂದೊಂದು ಸ್ಯಾಂಪಲ್ ತರಿಸಿ. ಹಸಿ ಕಸದ ಡಬ್ಬಕ್ಕೆ ಮುಕ್ಕಾಲು ನೀರು ತುಂಬಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ನೆಲ ಒದ್ದೆಯಾಗಿದ್ದರೆ ಅಲ್ಲಿಗೇ ವಾಪಸ್ ಕಳಿಸಿ. ಒಣಗಿದ್ದರೆ, ಕಸ ಎತ್ತುವವರನ್ನು ಕರೆದು, ಅಮ್ಮಾ, ಇದು ನಿಮಗೆ ಆಗುತ್ತದಾ ನೋಡಿ ಅಂತ ಕೇಳಿ. ಅವರು ಬೇಡ ಅಂದರೆ ಯಾಕೆ ಅಂತ ವಿಚಾರಿಸಿ, ಬೇರೆಯದು ತರಿಸಿ. ಹೂಂ ಅಂದ ಮೇಲೆ ಸಹಿ ಹಾಕಿ.

ನಮಸ್ಕಾರ.