ಗೇಮ್ ಓಪನ್ ಆಗುತ್ತೆ, ಕಂಟ್ರೋಲರ್ ಮಾತ್ರ ಅಲ್ಲಾಡಲ್ಲ: ಲಿನಕ್ಸ್, ವೈನ್ ಮತ್ತು ಎಸ್‌ಪಿ ರೋಡ್ ಗೇಮ್‌ಪ್ಯಾಡ್

[ಮೇಜಿನ ಮೇಲೆ ಹಳೇ ಲ್ಯಾಪ್‌ಟಾಪ್, ಪಕ್ಕದಲ್ಲಿ ದೀಪ ಉರೀತಿರೋ ಗೇಮ್‌ಪ್ಯಾಡ್]

ಎಲ್ಲರಿಗೂ ನಮಸ್ಕಾರ. ಈ ಗೇಮ್‌ಪ್ಯಾಡ್ ನಂದಲ್ಲ, ಬೆಂಗಳೂರು ವಿಜಯನಗರದಲ್ಲಿ ನಮ್ಮ ಬಿಲ್ಡಿಂಗಲ್ಲೇ ಕೆಳಗಡೆ ಮನೇಲಿರೋ ಸೆಕೆಂಡ್ ಪಿಯು ಹುಡುಗಂದು. ಅವನ ಲ್ಯಾಪ್‌ಟಾಪ್ ಹಳೇದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ನಿಂತೋಯ್ತಲ್ಲ, 11 ಹಾಕೋಣ ಅಂದ್ರೆ ಮೆಷೀನ್ ಒಪ್ಪಲಿಲ್ಲ, ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕ್ಕೊಂಡ, ಮೇಲೆ ವಿಂಡೋಸ್ ಪ್ರೋಗ್ರಾಂಗಳನ್ನ ಲಿನಕ್ಸಲ್ಲಿ ಓಡಿಸೋ ವೈನ್ ಹಾಕ್ಕೊಂಡ, ವಿಂಡೋಸ್ ಗೇಮ್ ಕೂಡ ಚೆನ್ನಾಗೇ ಓಪನ್ ಆಯ್ತು. ಅವರಪ್ಪ ಖುಷಿಯಿಂದ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ ಎಸ್‌ಪಿ ರೋಡಿಗೆ ಹೋಗಿ ಈ ಪ್ಯಾಡ್ ತಂದುಕೊಟ್ರು. ಚುಚ್ಚಿದ್ರೆ ದೀಪ ಬರುತ್ತೆ, ಗೇಮಲ್ಲಿ ಒಂದು ಬಟನ್ನೂ ಕೆಲಸ ಮಾಡಲ್ಲ. ಎರಡು ದಿನ ಒದ್ದಾಡಿ "ಪ್ಯಾಡ್ ಡೂಪ್ಲಿಕೇಟ್ ಅಂಕಲ್, ಬಿಸಾಕ್ತೀನಿ" ಅಂತ ಬಂದ. ನಂಗೆ ಸಂಕಟ ಆಯ್ತು, ಯಾಕಂದ್ರೆ ಪ್ಯಾಡ್ ಸರಿಯಾಗೇ ಇತ್ತು.

ಇದನ್ನ ಹೀಗೆ ಅಂದ್ಕೊಳ್ಳಿ. ನೀವು ಒತ್ತಿದ ಬಟನ್ ಒಬ್ಬ ಪ್ಯಾಸೆಂಜರ್. ಪ್ಯಾಡಿಂದ ಹೊರಟು ಲಿನಕ್ಸಿನ ತಿರುಳಾದ ಕರ್ನಲ್ಲಿಗೆ ಬರಬೇಕು, ಅಲ್ಲಿಂದ ವೈನಿಗೆ, ಅಲ್ಲಿಂದ ಗೇಮಿಗೆ. ವೈನ್ ಅಂದ್ರೆ ಮೆಜೆಸ್ಟಿಕ್ ಮೆಟ್ರೋ ಸ್ಟೇಷನ್ ಇದ್ದಂಗೆ, ಗ್ರೀನ್ ಲೈನಲ್ಲಿ ಬಂದವರು ಅಲ್ಲಿ ಇಳಿದು ಪರ್ಪಲ್ ಹತ್ತಬೇಕು. ಎಲ್ಲರೂ ಮಾಡೋ ತಪ್ಪು ಏನು ಗೊತ್ತಾ, ಪ್ಯಾಸೆಂಜರ್ ಮನೆ ಬಿಟ್ಟೇ ಹೊರಟಿಲ್ಲ, ಇವರು ಕೊನೇ ಸ್ಟೇಷನಲ್ಲಿ ಹುಡುಕ್ತಿರ್ತಾರೆ. ಗೇಮ್ ಸೆಟ್ಟಿಂಗ್ಸ್ ಕೆದಕೋದು, ವೈನ್ ಅಳಿಸಿ ಮತ್ತೆ ಹಾಕೋದು, ಗಾಳಿಗೆ ಗುದ್ದಿ ಮೈ ನೋಯಿಸ್ಕೊಂಡಂಗೆ. ಮೊದಲನೇ ಸ್ಟಾಪಿಂದ ನೋಡ್ಕೊಂಡು ಬನ್ನಿ.

[ಕೇಬಲ್ ಹತ್ತಿರದಿಂದ]

ಮೊದಲನೇದು ಈ ವೈರು. ಹುಡುಗ ಹಾಕಿದ್ದು ಮೊಬೈಲ್ ಚಾರ್ಜಿಂಗ್ ಕೇಬಲ್. ಕೆಲವು ಕೇಬಲಲ್ಲಿ ಕರೆಂಟ್ ತಂತಿ ಮಾತ್ರ ಇರುತ್ತೆ, ಡೇಟಾ ತಂತಿನೇ ಇರಲ್ಲ, ಅದಕ್ಕೇ ದೀಪ ಬರುತ್ತೆ ಕೆಲಸ ಆಗಲ್ಲ. ಟರ್ಮಿನಲಲ್ಲಿ, ಅಂದ್ರೆ ಕಮಾಂಡ್ ಟೈಪ್ ಮಾಡೋ ವಿಂಡೋದಲ್ಲಿ, ಎಲ್‌ಎಸ್‌ಯುಎಸ್‌ಬಿ (lsusb) ಕಮಾಂಡ್ ಕೊಡಿ, ಚುಚ್ಚಿರೋ ಯುಎಸ್‌ಬಿ ಸಾಧನಗಳ ಪಟ್ಟಿ ಬರುತ್ತೆ, ಪ್ಯಾಡ್ ಚುಚ್ಚೋಕೆ ಮುಂಚೆ ಒಂದ್ಸಲ, ಚುಚ್ಚಿದ ಮೇಲೆ ಒಂದ್ಸಲ. ಹೊಸ ಸಾಲು ಬರ್ಲಿಲ್ಲ ಅಂದ್ರೆ ಕೇಬಲ್ ಬದಲಾಯ್ಸಿ, ಅಲ್ಲಿವರೆಗೂ ಬೇರೆ ಏನೂ ಮುಟ್ಟಬೇಡಿ. ಸಾಲು ಬಂತು ಅಂದ್ರೆ ಪ್ಯಾಡ್ ಪರೀಕ್ಷೆ ಮಾಡೋ ಜೆಎಸ್‌ಟೆಸ್ಟ್-ಜಿಟಿಕೆ (jstest-gtk) ಅನ್ನೋ ಪ್ರೋಗ್ರಾಂ ಹಾಕ್ಕೊಂಡು ಬಟನ್ ಒತ್ತಿ ನೋಡಿ, ಅಲ್ಲಿ ಅಲ್ಲಾಡಿದ್ರೆ ಲಿನಕ್ಸ್ ತನ್ನ ಕೆಲಸ ಮುಗಿಸಿದೆ ಅಂತ ಅರ್ಥ.

ನಮ್ಮ ಹುಡುಗನಿಗೆ ಕೇಬಲ್ ಬದಲಾಯ್ಸಿದ ತಕ್ಷಣ ಇಲ್ಲಿವರೆಗೂ ಬಂತು. ಗೇಮಲ್ಲಿ ಇನ್ನೂ ಇಲ್ಲ. ಅಸಲಿ ವಿಷಯ ಇಲ್ಲೇ ಇರೋದು.

[ಪರದೆ ಮೇಲೆ ಎರಡು ಹೆಸರು ಅಕ್ಕಪಕ್ಕ: ಡೈರೆಕ್ಟ್‌ಇನ್‌ಪುಟ್, ಎಕ್ಸ್‌ಇನ್‌ಪುಟ್]

ವಿಂಡೋಸ್ ಗೇಮುಗಳು ಕಂಟ್ರೋಲರ್ ಜೊತೆ ಎರಡು ಭಾಷೇಲಿ ಮಾತಾಡ್ತವೆ. ಹಳೇದು ಡೈರೆಕ್ಟ್‌ಇನ್‌ಪುಟ್, ಅದರಲ್ಲಿ ಯಾವ ಆಕಾರದ ಜಾಯ್‌ಸ್ಟಿಕ್ ಆದ್ರೂ ನಡೆಯುತ್ತೆ, ಆದ್ರೆ ಒಂದನೇ ಬಟನ್ ಎರಡನೇ ಬಟನ್ ಅಂತ ನಂಬರ್ ಮಾತ್ರ ಗೊತ್ತಾಗುತ್ತೆ, ಯಾವುದು ಎ ಯಾವುದು ಬಿ ಅಂತ ಗೇಮಿಗೆ ತಿಳಿಯಲ್ಲ. 2005ರಲ್ಲಿ ಎಕ್ಸ್‌ಬಾಕ್ಸ್ 360 ಬಂದಾಗ ಅದರ ಜೊತೆ ಎಕ್ಸ್‌ಇನ್‌ಪುಟ್ ಬಂತು. ಇದರಲ್ಲಿ ಎಲ್ಲಾ ಫಿಕ್ಸು, ಎರಡು ಸ್ಟಿಕ್ಕು, ಎರಡು ಟ್ರಿಗರ್, ಎ ಬಿ ಎಕ್ಸ್ ವೈ, ಒಟ್ಟು ನಾಲ್ಕೇ ಪ್ಯಾಡ್, ಅಷ್ಟೇ. ಗೇಮ್ ಮಾಡೋರಿಗೆ ಇದು ಸುಲಭ, ಅದಕ್ಕೇ ಆಮೇಲೆ ಬಂದ ತುಂಬಾ ಗೇಮುಗಳಿಗೆ ಎಕ್ಸ್‌ಇನ್‌ಪುಟ್ ಬಿಟ್ರೆ ಬೇರೆ ಭಾಷೇನೇ ಬರಲ್ಲ. ಎಕ್ಸ್‌ಬಾಕ್ಸ್ ಪ್ಯಾಡನ್ನೇ ಡೈರೆಕ್ಟ್‌ಇನ್‌ಪುಟಲ್ಲಿ ನೋಡಿದ್ರೆ ಎರಡು ಟ್ರಿಗರ್ರೂ ಒಂದೇ ಆಕ್ಸಿಸ್, ಅಂದ್ರೆ ಒಂದೇ ಅಳತೆ ಗೆರೆ ಆಗಿ ಕಾಣುತ್ತೆ, ಎರಡೂ ಒಟ್ಟಿಗೆ ಒತ್ತಿದ್ರೆ ಒಂದನ್ನೊಂದು ಕಳೆದು ಸೊನ್ನೆ. ಕಾರ್ ಗೇಮಲ್ಲಿ ಬ್ರೇಕು ಆಕ್ಸಿಲರೇಟರ್ ಒಟ್ಟಿಗೆ ಒತ್ತೋರಿಗೆ ಇದರ ನೋವು ಗೊತ್ತಿರುತ್ತೆ.

ಈಗ ವೈನ್ ಏನು ಮಾಡುತ್ತೆ ನೋಡಿ. 1993ರಿಂದ ನಡ್ಕೊಂಡು ಬಂದಿರೋ ಪ್ರಾಜೆಕ್ಟ್ ಅದು, ವಿಂಡೋಸ್ ಪ್ರೋಗ್ರಾಂ ಕೇಳೋದನ್ನೆಲ್ಲ ಲಿನಕ್ಸಲ್ಲಿ ಒದಗಿಸೋದೇ ಅದರ ಕೆಲಸ. ಪ್ಯಾಡ್ ವಿಷಯದಲ್ಲಿ ಅದು ಎಸ್‌ಡಿಎಲ್ ಅನ್ನೋ ಲೈಬ್ರರಿ ಕೇಳುತ್ತೆ, ಎಸ್‌ಡಿಎಲ್ ಹತ್ರ ಗೊತ್ತಿರೋ ಪ್ಯಾಡುಗಳ ಪಟ್ಟಿ ಇರುತ್ತೆ, ಪಟ್ಟೀಲಿದ್ರೆ ವೈನ್ ಅದನ್ನ ಎಕ್ಸ್‌ಬಾಕ್ಸ್ ಪ್ಯಾಡ್ ಥರ ಗೇಮಿಗೆ ತೋರಿಸುತ್ತೆ. ಪಟ್ಟೀಲಿಲ್ಲ ಅಂದ್ರೆ ಬರೀ ಡೈರೆಕ್ಟ್‌ಇನ್‌ಪುಟ್ ಜಾಯ್‌ಸ್ಟಿಕ್ ಆಗಿ ಉಳಿಯುತ್ತೆ. ಹುಡುಗನ ಪ್ಯಾಡಿಗೆ ಆಗಿದ್ದು ಇದೇ.

[ವೈನ್ ಕಂಟ್ರೋಲ್ ಪ್ಯಾನೆಲ್]

ಟರ್ಮಿನಲಲ್ಲಿ ವೈನ್ ಕಂಟ್ರೋಲ್ (wine control) ಅಂತ ಕೊಟ್ಟು ಗೇಮ್ ಕಂಟ್ರೋಲರ್ಸ್ ತೆಗೀರಿ. ಹೊಸ ವೈನಲ್ಲಿ ಎರಡೂ ಭಾಷೆಗೆ ಬೇರೆ ಬೇರೆ ಟ್ಯಾಬ್ ಇದೆ. ಡೈರೆಕ್ಟ್‌ಇನ್‌ಪುಟ್ ಟ್ಯಾಬಲ್ಲಿ ಬಟನ್ ಮಿನುಗುತ್ತೆ, ಎಕ್ಸ್‌ಇನ್‌ಪುಟ್ ಟ್ಯಾಬ್ ಖಾಲಿ ಅಂದ್ರೆ ಪ್ಯಾಸೆಂಜರ್ ಮೆಜೆಸ್ಟಿಕಲ್ಲೇ ಸಿಕ್ಕಾಕ್ಕೊಂಡಿದ್ದಾನೆ.

ಪರಿಹಾರ ಪ್ಯಾಡಲ್ಲೇ ಇರುತ್ತೆ, ಅದೂ ಎಷ್ಟೋ ಸಲ. ಇಂಥ ಕಡಿಮೆ ಬೆಲೆ ಪ್ಯಾಡುಗಳಲ್ಲಿ ತುಂಬಾ ಸಾರಿ ಎರಡು ಮೋಡ್ ಇರುತ್ತೆ, ಮಧ್ಯದ ಹೋಂ ಬಟನನ್ನ ಕೆಲವು ಸೆಕೆಂಡ್ ಒತ್ತಿ ಹಿಡಿದ್ರೆ ಬದಲಾಗುತ್ತೆ, ದೀಪದ ಬಣ್ಣನೋ ಸಂಖ್ಯೆನೋ ಬೇರೆ ಆಗುತ್ತೆ. ಯಾವ ಬಟನ್ ಅಂತ ಬಾಕ್ಸಲ್ಲಿರೋ ಚೀಟಿ ನೋಡಿ, ಆ ಚೀಟಿ ದಯವಿಟ್ಟು ಎಸೀಬೇಡಿ. ಒತ್ತಿ ಹಿಡಿದು ಮತ್ತೆ ಎಲ್‌ಎಸ್‌ಯುಎಸ್‌ಬಿ ಕೊಟ್ವಿ. ಈ ಸಲ ಬಂದ ನಂಬರ್ 045ಇ:028ಇ. ಅದು ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ 360 ಪ್ಯಾಡ್ ನಂಬರ್, ಇಂಥ ಪ್ಯಾಡುಗಳು ಆ ಮೋಡಲ್ಲಿ ಅದೇ ಹೆಸರು ಹೇಳ್ಕೊಂಡು ಬರ್ತವೆ. ಕರ್ನಲ್ಲಿನ ಎಕ್ಸ್‌ಪ್ಯಾಡ್ ಡ್ರೈವರ್ ಹಿಡ್ಕೊಂಡ್ತು, ವೈನ್ ಎಕ್ಸ್‌ಇನ್‌ಪುಟ್ ಟ್ಯಾಬ್ ತುಂಬ್ತು, ಗೇಮಲ್ಲಿ ಕಾರು ತಿರುಗ್ತು, ಹುಡುಗ ಕೂಗಿದ್ದು ಮೂರನೇ ಫ್ಲೋರಿಗೆ ಕೇಳಿಸ್ತು!

ನಿಮ್ಮ ಪ್ಯಾಡಲ್ಲಿ ಮೋಡ್ ಇಲ್ವಾ? ಎಸ್‌ಡಿಎಲ್ ಪಟ್ಟಿಗೆ ನೀವೇ ಒಂದು ಸಾಲು ಸೇರಿಸ್ಬಹುದು, ಯಾವ ನಂಬರ್ ಬಟನ್ ಯಾವ ಅಕ್ಷರ ಅಂತ. ಗೇಮ್ ಕೊಂಡು ಆಡೋ ಸ್ಟೀಮ್ ಅನ್ನೋ ಆಪ್ ಇದ್ರೆ ಇನ್ನೂ ಸುಲಭ, ಗೇಮನ್ನ ಅದರೊಳಗೆ ಸೇರಿಸಿ ಸ್ಟೀಮ್ ಇನ್‌ಪುಟ್ ಆನ್ ಮಾಡಿ, ಅದೇ ಒಂದು ಸುಳ್ಳು ಎಕ್ಸ್‌ಬಾಕ್ಸ್ ಪ್ಯಾಡ್ ಸೃಷ್ಟಿ ಮಾಡಿ ಗೇಮಿಗೆ ಕೊಡುತ್ತೆ.

ಪ್ಲೇಸ್ಟೇಷನ್ ಪ್ಯಾಡ್ ಇರೋರಿಗೆ ಬೇರೆ ಕಥೆ. ಪ್ಲೇಸ್ಟೇಷನ್ 5ರ ಪ್ಯಾಡ್ ಡ್ಯುಯಲ್‌ಸೆನ್ಸಿಗೆ ಸೋನಿಯವರೇ ಬರೆದ ಡ್ರೈವರ್ 2021ರಲ್ಲಿ ಕರ್ನಲ್ 5.12ಕ್ಕೆ ಸೇರಿದೆ, ಹಾಗಾಗಿ ಲಿನಕ್ಸಿಗೆ ಅದು ಚೆನ್ನಾಗಿ ಗೊತ್ತು. ಆದ್ರೆ ಗೇಮ್ ಆ ಪ್ಯಾಡಿನ ಜೊತೆ ನೇರವಾಗಿ ಮಾತಾಡ್ಬೇಕು ಅಂದ್ರೆ ಎಚ್‌ಐಡಿ-ರಾ ಅನ್ನೋ ದಾರಿ ಬೇಕು, ಅಲ್ಲಿಗೆ ಮಾಮೂಲಿ ಯೂಸರಿಗೆ ಪರ್ಮಿಷನ್ ಇರಲ್ಲ. ದೇವರು ಕೊಟ್ರೂ ಪೂಜಾರಿ ಕೊಡಲ್ಲ ಅಂತಾರಲ್ಲ, ಹಾಗೆ. ಸ್ಟೀಮ್-ಡಿವೈಸಸ್ ಅನ್ನೋ ಪ್ಯಾಕೇಜ್ ಹಾಕ್ಕೊಳ್ಳಿ, ಪ್ಯಾಡುಗಳಿಗೆ ಬೇಕಾದ ಪರ್ಮಿಷನ್ ಅದು ಕೊಡುತ್ತೆ. ಒಂದು ಮಾತು ಕೇಳಿ, ಕೆಲವರು ವೈನನ್ನೇ ರೂಟ್ ಆಗಿ, ಅಂದ್ರೆ ಸಿಸ್ಟಮ್ಮಿನ ಪೂರ್ತಿ ಅಧಿಕಾರ ಕೊಟ್ಟು, ಓಡಿಸಿ ಅಂತಾರೆ, ಇಲ್ಲಾ ನಿಮ್ಮನ್ನ ಇನ್‌ಪುಟ್ ಗ್ರೂಪಿಗೆ ಸೇರಿಸ್ಕೊಳ್ಳಿ ಅಂತಾರೆ. ಎರಡೂ ಬೇಡ. ಆ ಗ್ರೂಪಿಗೆ ಸೇರಿದ್ರೆ ನೀವು ಓಡಿಸೋ ಯಾವ ಪ್ರೋಗ್ರಾಂ ಬೇಕಾದ್ರೂ ನಿಮ್ಮ ಕೀಬೋರ್ಡ್ ಓದ್ಬಹುದು, ಬ್ಯಾಂಕ್ ಪಾಸ್‌ವರ್ಡೂ ಸೇರಿ.

ಕೆಲಸ ಮಾಡೋಕೆ ಶುರುವಾದ ಮೇಲೆ ಒಂದು ಸಲ ಒತ್ತಿದ್ರೆ ಮೆನು ಎರಡು ಸಲ ಹಾರುತ್ತೆ ಅಂತ ಅನ್ಸಿದ್ರೆ, ಗೇಮಿಗೆ ಅಸಲಿ ಪ್ಯಾಡೂ ಸ್ಟೀಮಿನ ಸುಳ್ಳು ಪ್ಯಾಡೂ ಎರಡೂ ಕಾಣ್ತಿದೆ ಅಂತ. ಆ ಗೇಮಿಗೆ ಮಾತ್ರ ಸ್ಟೀಮ್ ಇನ್‌ಪುಟ್ ಆಫ್ ಮಾಡಿ ನೋಡಿ. ಮತ್ತೆ ಹಳೇ ಗೇಮುಗಳಲ್ಲಿ ಎಷ್ಟೋ ಗೇಮ್ ಶುರುವಾಗೋವಾಗ ಒಂದೇ ಸಲ ಪ್ಯಾಡ್ ಹುಡುಕ್ತವೆ, ಆಮೇಲೆ ತಿರುಗಿ ನೋಡಲ್ಲ, ಅದಕ್ಕೆ ಮೊದಲು ಪ್ಯಾಡ್ ಚುಚ್ಚಿ, ಆಮೇಲೆ ಗೇಮ್ ಓಪನ್ ಮಾಡಿ.

[ಹುಡುಗನ ಕೈಯಲ್ಲಿ ಪ್ಯಾಡ್, ಪರದೆ ಮೇಲೆ ಕಾರು ಓಡ್ತಿದೆ]

ಇನ್ನೂ ಆಗ್ಲಿಲ್ಲ ಅಂದ್ರೆ ನಿಮ್ಮ ಎಲ್‌ಎಸ್‌ಯುಎಸ್‌ಬಿ ಸಾಲು ಮತ್ತೆ ಯಾವ ಸ್ಟಾಪಲ್ಲಿ ನಿಂತೋಯ್ತು ಅನ್ನೋದು, ಎರಡನ್ನೂ ಬರೆದು ಹಾಕಿ. ಎರಡೂ ಇದ್ರೆ ನಾನು ಕೂತು ನೋಡ್ತೀನಿ.